ಹೂ ಏರಿಸಿದ ಚಾರ್ಜರ್

ವ್ಯಾನು ನವಲೂರು ದಾಟುವ ಹೊತ್ತಿಗೆ ಹುಚ್ಚಪ್ಪನಿಗೆ ಖಾತ್ರಿಯಾಗಿತ್ತು: ಇವತ್ತು ಸುಳ್ಳ ಅನ್ನುವ ಹಳ್ಳಿಯಲ್ಲಿ ತನ್ನ ಮಾನ ಹೋಗುತ್ತದೆ. ಎಷ್ಟು ಗಂಟೆಗೆ ಹೋಗುತ್ತದೆ ಅನ್ನುವುದನ್ನೂ ಅವನು ಲೆಕ್ಕ ಹಾಕಿಬಿಟ್ಟಿದ್ದ. ಧಾರವಾಡದ ಕಾಲೇಜಿನಲ್ಲಿ ಐದು ವರ್ಷ ಫಿಜಿಕ್ಸ್ ಡೆಮಾನ್‌ಸ್ಟ್ರೇಟರ್ ಆಗಿ ಸವೆದವನಿಗೆ ಅಷ್ಟೂ ಬರದಿದ್ದರೆ ಹೇಗೆ? ಪ್ರೊಜೆಕ್ಟರಿನ ದೀಪಕ್ಕೆ ಎಂಟು ಆಂಪಿಯರ್, ಮೈಕಿನ ಪೆಟ್ಟಿಗೆಗೆ ಐದು. ಎರಡು ಗಂಟೆಗೆ ಶುರು ಮಾಡಿದರೆ ಎರಡೂವರೆಗೆ ದೀಪ ಕೆಂಪಾಗುತ್ತದೆ, ಭಾಳ ಅಂದರೆ ಎರಡೂ ಮುಕ್ಕಾಲು. ಅವನು ಕೂತದ್ದು ತಾನೇ ಮಾಡಿಸಿದ ಸಾಗವಾನಿ ಪೆಟ್ಟಿಗೆಯ ಮೇಲೆ. ಒಳಗೆ ಸಾಲಾಗಿ ಆರು ಬ್ಯಾಟರಿ, ಆರೂ ಖಾಲಿ. ಮುಂದಿನ ಸೀಟಿನಲ್ಲಿ ಪ್ರೊಫೆಸರ್ ಮಹಾಂತಯ್ಯನವರು ಪುಟ್ಟ ಫ್ಯಾನಿನ ಗಾಳಿಗೆ ಮುಖ ಕೊಟ್ಟು ನಿದ್ದೆ ಹೋಗಿದ್ದರು, ಡ್ರೈವರ್ ಲಾಲಸಾಬ ತನ್ನಷ್ಟಕ್ಕೆ ತಾನು ಏನೋ ಗುನುಗುತ್ತಿದ್ದ. ಪೆಟ್ಟಿಗೆ ಖಾಲಿ ಅನ್ನುವುದು ಇಡೀ ವ್ಯಾನಿನಲ್ಲಿ ಅದರ ಮೇಲೆ ಕೂತ ಗಂಡಸಿಗೆ ಮಾತ್ರ ಗೊತ್ತು ಅಂತ ಅವನ ಲೆಕ್ಕ. ಆ ಗಂಡಸು ಕಾಲ ಮೇಲೆ ಕಾಲು ಹಾಕಿಕೊಂಡು, ಕಿಟಕಿಯಾಚೆ ಜೋಳದ ಹೊಲ ನೋಡುತ್ತ, ಎಲ್ಲ ಸರಿಯಿದ್ದವರ ಹಾಗೆ ಕೂತಿದ್ದ. ನಾಟಕದ ಕಂಪನಿ ಸೇರಿದ್ದರೆ ಇಷ್ಟೊತ್ತಿಗೆ ಪಗಾರ ಹೆಚ್ಚಾಗಿರುತ್ತಿತ್ತು.

ಈ ಪೆಟ್ಟಿಗೆಯೇ ಅವನ ಕೀರ್ತಿ. ಅದಕ್ಕಿಂತ ಮೊದಲು ಕಾಲೇಜಿನ ವಿಜ್ಞಾನದ ವ್ಯಾನು ಹಳ್ಳಿಗೆ ಹೋದರೆ ದೀಪ, ಮೈಕು, ಫ್ಯಾನು ಎಲ್ಲವೂ ಎಂಜಿನ್ನಿನ ಬ್ಯಾಟರಿಯನ್ನೇ ಹೀರುತ್ತಿದ್ದವು. ಪ್ರದರ್ಶನ ಮುಗಿದ ಮೇಲೆ ವ್ಯಾನು ಎಬ್ಬಿಸಿದರೂ ಏಳುತ್ತಿರಲಿಲ್ಲ. ಒಂದು ಸಲ ಮಹಾಂತಯ್ಯನವರೇ ಧೋತರ ಮೇಲೆ ಕಟ್ಟಿ ಕೆಸರಿನಲ್ಲಿ ವ್ಯಾನು ನೂಕಬೇಕಾಯಿತು. ಹಿಂದೆ ಊರ ಮಂದಿ "ಹೋ" ಅಂದರು. ಅಂದಿನಿಂದ ಅವರು ಹುಚ್ಚಪ್ಪನ ಬೆನ್ನು ಹತ್ತಿದರು. "ಏನಾದ್ರೂ ವ್ಯವಸ್ಥಾ ಮಾಡ್ರಿ. ಎಂಜಿನ್ನಿಂದು ಎಂಜಿನ್ನಿಗೆ, ನಮ್ಮದು ನಮಗ." ಹುಚ್ಚಪ್ಪ ಹದಿನೈದು ದಿನ ಪುಸ್ತಕ ತಿರುವಿದ. ಕೊನೆಗೆ ದಾರಿ ತೋರಿಸಿದ್ದು ಪುಸ್ತಕವಲ್ಲ, ಅಪ್ಪ. ಗಿರಿಯಪ್ಪ ಹುಬ್ಬಳ್ಳಿಯ ರೇಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ರೈಲು ಡಬ್ಬಿಗಳ ದೀಪದ ಬ್ಯಾಟರಿ ಹೊತ್ತವನು. ಆಸಿಡ್ಡು ಬಿದ್ದು ತೂತಾಗದ ಧೋತರ ಅವನ ಹತ್ತಿರ ಒಂದೂ ಇರಲಿಲ್ಲ. ಜೋಳದ ರೊಟ್ಟಿ ಮುರಿಯುತ್ತ ಅವನು ಅಂದಿದ್ದ: "ಮೋಟರದ ಬ್ಯಾಟರಿ ಅಂದ್ರ ಜಟಕಾ ಕುದುರಿ. ಒಮ್ಮೆ ಜಿಗೀತೈತಿ, ಎಂಜಿನ್ ಎಬ್ಬಸತೈತಿ, ತೀರ್ತು. ತಾಸುಗಟ್ಲೆ ಎಳಸಬೇಕಂದ್ರ ಎತ್ತು ಬೇಕು. ನಮ್ಮ ರೇಲ್ವೆ ದೀಪದ್ದು ಎತ್ತು. ತಳ ಕಾಣೂತನಕ ಎಳಸು, ಮೇವು ಹಾಕು, ಮತ್ತ ಏಳತೈತಿ." ಹರಾಜಿನಲ್ಲಿ ಅಂಥ ಆರು ಬ್ಯಾಟರಿ ತಂದು, ವ್ಯಾನು ಓಡುವಾಗ ಅದರ ಡೈನಮೋ ಅಷ್ಟಿಷ್ಟು ಇವುಗಳಿಗೂ ಉಣಿಸುವಂತೆ, ವ್ಯಾನು ನಿಂತಾಗ ಇವು ಎಂಜಿನ್ನಿನ ಬ್ಯಾಟರಿಯನ್ನು ಮುಟ್ಟದಂತೆ ಒಂದು ಸ್ವಿಚ್ಚು ಕೂಡಿಸಿ ಹುಚ್ಚಪ್ಪ ನಕ್ಷೆ ಬರೆದ. ಮಹಾಂತಯ್ಯನವರು ನಕ್ಷೆಯನ್ನು ಬೆಳಕಿಗೆ ಹಿಡಿದು, "ಎಲ್ಲಿ ಓದಿದ್ರಿ ಇದನ್ನ?" ಅಂದರು. "ಒಂದು ಇಂಗ್ಲಿಷ್ ಜರ್ನಲ್‌ನಾಗ ಸರ್," ಅಂದ ಹುಚ್ಚಪ್ಪ. ಇಂಗ್ಲಿಷ್ ಇರಲಿ, ತನ್ನ ಹೆಸರು ಬರೆಯಲೂ ಬಾರದ ಅಪ್ಪ ಒಂದೇ ಮಾತಿಗೆ ಜರ್ನಲ್ ಆಗಿಹೋದ. ಅವತ್ತು ಮನೆಗೆ ಹೋಗಿ ಅಪ್ಪನ ಎದುರು ಊಟಕ್ಕೆ ಕೂತಾಗ ಹುಚ್ಚಪ್ಪನಿಗೆ ತುತ್ತು ಇಳಿಯಲಿಲ್ಲ ಅಂತ ಹೇಳಿದರೆ ಚೆನ್ನಾಗಿರುತ್ತಿತ್ತು. ಇಳಿಯಿತು, ಎರಡು ರೊಟ್ಟಿ ಹೆಚ್ಚಿಗೇ ಇಳಿಯಿತು.

ಹುಬ್ಬಳ್ಳಿ ಬಂತು. ಅವನು ಮುಂದೆ ಬಗ್ಗಿ ಮೀಟರಿನ ಮುಳ್ಳು ನೋಡಿದ. ಡೈನಮೋ ಕೊಡುವುದರಲ್ಲಿ ಮೂರು ಆಂಪಿಯರನ್ನು ಫ್ಯಾನೇ ತಿನ್ನುತ್ತಿತ್ತು. ಮೆಲ್ಲಗೆ ಕೈ ಚಾಚಿ ಫ್ಯಾನು ಆರಿಸಿದ. ಮಹಾಂತಯ್ಯನವರು ಕಣ್ಣು ತೆರೆಯದೆಯೇ, "ಯಾಕ್ರೀ ಹುಚ್ಚಪ್ಪ, ನಿನ್ನಿ ಪೂಜಾ ಇನ್ನೂ ಮುಗಿದಿಲ್ಲೇನು ಫ್ಯಾನಿಂದು?" ಅಂದರು. ಮತ್ತೆ ಹಾಕಿದ. ಇನ್ನೊಂದೇ ದಾರಿ ಉಳಿದಿತ್ತು. ವ್ಯಾನು ಹೆಚ್ಚು ಓಡಿದಷ್ಟು ಬ್ಯಾಟರಿ ಒಂದಿಷ್ಟು ತುಂಬುತ್ತದೆ. "ಸರ್, ಗಬ್ಬೂರಿಗೆ ಹೋಗಿ ಬರೋಣ್ರಿ? ಅಲ್ಲೊಬ್ಬರ ಕಡೆ ಒಂದು ವಾಯರ್ ಇಸಗೊಳ್ಳೂದೈತಿ." ಸುಳ್ಳ ಒಂದು ದಿಕ್ಕಿಗೆ, ಗಬ್ಬೂರು ಇನ್ನೊಂದು ದಿಕ್ಕಿಗೆ. ಲಾಲಸಾಬ ಹಿಂದೆ ತಿರುಗಿ ಅವನನ್ನು ಒಂದು ಗಳಿಗೆ ನೋಡಿದ. ಮಹಾಂತಯ್ಯನವರು ಆಕಳಿಸಿ, "ನಿಮ್ಮವರು ಅದಾರೇನು ಅಲ್ಲಿ? ಹೋಗೋಣ ಬಿಡ್ರಿ, ಹಬ್ಬದ ದಿನ," ಅಂದರು. ಗಬ್ಬೂರಿನಲ್ಲಿ ಇಳಿದು, ಒಂದು ಗೋಡೆಯ ಮರೆಗೆ ಹೋಗಿ, ಉಚ್ಚೆ ಹೊಯ್ದು, ತಾನೇ ಜೇಬಿನಲ್ಲಿಟ್ಟುಕೊಂಡಿದ್ದ ವಾಯರಿನ ತುಂಡನ್ನು ಕೈಯಲ್ಲಿ ಹಿಡಿದು ತಿರುಗಿ ಬಂದ. ಏಳು ಮೈಲಿ ಹೆಚ್ಚು ಓಡಿದ್ದಕ್ಕೆ, ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಮೂಡಿಸುವ ಸೂರ್ಯನಿಗೆ ಎರಡೂವರೆ ನಿಮಿಷ ಹೆಚ್ಚಿನ ಆಯುಷ್ಯ ಸಿಕ್ಕಿತ್ತು.

ಬ್ಯಾಟರಿ ಖಾಲಿಯಾದದ್ದಾದರೂ ಹೇಗೆ? ಅವನ ಹಮ್ಮಿನಿಂದ. ಮೊನ್ನೆ, ದಸರೆಯ ಅಷ್ಟಮಿಯ ದಿನ, ಕೆಮಿಸ್ಟ್ರಿಯವರು ಯಾರೋ, "ಹರಾಜಿನ ಮಾಲು, ಎಷ್ಟು ಹೊತ್ತು ನಡೀತದೋ ನೋಡೋಣು," ಎಂದು ನಕ್ಕಿದ್ದರು. ಹುಚ್ಚಪ್ಪನಿಗೆ ಸಿಟ್ಟು ನೆತ್ತಿಗೇರಿತು. ದೀಪ, ಮೈಕು, ಫ್ಯಾನು ಮೂರನ್ನೂ ಹಚ್ಚಿ ಮುಂಜಾನೆ ಹತ್ತರಿಂದ ಸಂಜೆ ಐದರ ತನಕ ಗ್ಯಾರೇಜಿನಲ್ಲಿ ಕಾವಲು ಕೂತ. ಹೋಗಿಬರುವವರಿಗೆಲ್ಲ "ತಳ ಕಾಣೂತನಕ ಎಳೀತದ ನೋಡ್ರಿ" ಅಂದ. ಏಳು ತಾಸು ಎಳೆಯಿತು. ತಳವೂ ಕಂಡಿತು. ಇರಲಿ, ಹನ್ನೆರಡು ತಾಸು ಚಾರ್ಜಿಗೆ ಹಾಕಿದರೆ ಎತ್ತು ಮತ್ತೆ ಎದ್ದು ನಿಲ್ಲುತ್ತದೆ, ನವಮಿಯ ಇಡೀ ದಿನ ಇದೆಯಲ್ಲ ಅಂದುಕೊಂಡು ಮನೆಗೆ ಹೋಗಿ ನಿಶ್ಚಿಂತೆಯಿಂದ ಮಲಗಿದ. ನವಮಿಗೆ ಖಂಡೆ ಪೂಜೆ, ಆಯುಧ ಸಾಮಾನುಗಳನ್ನೆಲ್ಲ ಪೂಜೆಗಿಡುವ ದಿನ, ಅನ್ನುವುದು ಆ ಮಹಾ ವಿಜ್ಞಾನಿಯ ತಲೆಗೆ ಹೊಳೆಯಲೇ ಇಲ್ಲ. ಹೊಳೆಯದಿರಲು ಕಾರಣವೂ ಇತ್ತು. ಅವರ ಮನೆಯಲ್ಲಿ ಪೂಜೆ ನಿಂತು ಆರು ವರ್ಷವಾಗಿತ್ತು. ಐವತ್ತೇಳರಲ್ಲಿ ಬುದ್ಧನಿಗೆ ಶರಣು ಹೋದಾಗ ಗಿರಿಯಪ್ಪ ಮನೆಯ ದೇವರನ್ನೆಲ್ಲ ಒಂದು ಬುಟ್ಟಿಯಲ್ಲಿ ಹಾಕಿಕೊಂಡು ಹೋಗಿ ಕೆರೆಗೆ ಬಿಟ್ಟು ಬಂದಿದ್ದ. ಅವನು ದುರಗಮ್ಮನ ಪೂಜಾರಿಕೆ ಮಾಡುತ್ತಿದ್ದ ಮನುಷ್ಯ. ಅಜ್ಜನಿಂದ ಬಂದ ಆರತಿ ತಟ್ಟೆಯನ್ನೂ ಬಿಡಲಿಲ್ಲ, ಅದನ್ನೂ ಎಸೆದ. ಅವ್ವ ದುರಗವ್ವ ಮೂರು ದಿನ ಉಣ್ಣದೆ ಅತ್ತಳು. ಮೊದಲು ಹುಟ್ಟಿದ ಮೂರು ಕೂಸು ಸತ್ತಿದ್ದಕ್ಕೆ, ಯಮ ಹೇಸಿ ಹೋಗಲಿ ಅಂತ ಈ ಮಗನಿಗೆ ಹುಚ್ಚಪ್ಪ ಅಂತ ಹೆಸರಿಟ್ಟವಳು ಅವಳು. ಹೆಸರಿಗೆ ಯಮ ಹೇಸಿದ. ಹುಚ್ಚಪ್ಪ ಮಾತ್ರ ಅದೇ ಹೆಸರಿನಿಂದ ಹಾಜರಿ ಹೇಳಿಸಿಕೊಂಡು ಬಿ.ಎಸ್ಸಿ. ಮುಗಿಸಿದ.

ನವಮಿಯ ಮುಂಜಾನೆ ಅವನು ಗ್ಯಾರೇಜಿಗೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ವ್ಯಾನಿಗೆ ಬಾಳೆಕಂಬ, ಸ್ಟೇರಿಂಗಿಗೆ ಚೆಂಡು ಹೂವಿನ ಮಾಲೆ, ಪಾನಾ ಇಕ್ಕಳಗಳಿಗೆಲ್ಲ ವಿಭೂತಿ. ಮೇಜಿನ ಮೇಲೆ ಚಾರ್ಜರಿನ ಪೆಟ್ಟಿಗೆಯನ್ನು ಬೇರೆಯಾಗಿಟ್ಟು, ಅದರ ನೆತ್ತಿಗೆ ಕುಂಕುಮ ಹಚ್ಚಿ, ಸ್ವಿಚ್ಚಿನ ಮೇಲೇ ಒಂದು ದೊಡ್ಡ ಹೂ ಏರಿಸಿದ್ದರು. "ನಾಳೆ ಮುಂಜಾನೆ ಮರುಪೂಜಾ ಆಗೂತನಕ ಯಾರೂ ಯಾವುದನ್ನೂ ಮುಟ್ಟಬ್ಯಾಡ್ರಿ. ವರ್ಷಕ್ಕ ಒಂದು ದಿನ ಅವಕ್ಕೂ ವಿಶ್ರಾಂತಿ ಬೇಕಲ್ಲ?" ಎಂದು ಮಹಾಂತಯ್ಯನವರು ಎಲ್ಲರಿಗೂ ಚುರಮುರಿ ಹಂಚಿದರು. ಆಗಲೇ ಹೇಳಬಹುದಿತ್ತು: ಸರ್, ಬ್ಯಾಟರಿ ಖಾಲಿ ಅದ. ಹೇಳಿದ್ದರೆ, ಯಾಕೆ ಖಾಲಿ ಅಂತ ಕೇಳುತ್ತಿದ್ದರು. ಸಂಜೆ ಐದಕ್ಕೆ ಗ್ಯಾರೇಜಿನಲ್ಲಿ ಯಾರೂ ಇಲ್ಲದಾಗ ಅವನು ಮತ್ತೆ ಬಂದ. ಹೂವೊಂದನ್ನು ಬದಿಗೆ ಸರಿಸಿ ಸ್ವಿಚ್ಚು ಒತ್ತಿದರೆ ತೀರಿತು. ಚಾರ್ಜರಿನ ಎದುರು ಅರ್ಧ ತಾಸು ನಿಂತ. ದೇವರ ಹೆದರಿಕೆಯಲ್ಲ, ಛೇ, ಅದಲ್ಲ. ಹೂ ಸರಿಸಿದ್ದು ಗೊತ್ತಾದರೆ ಮಹಾಂತಯ್ಯನವರು ಬೈಯುತ್ತಿರಲಿಲ್ಲ, ಅದು ಅವನಿಗೆ ಚೆನ್ನಾಗಿ ಗೊತ್ತು. ಸಣ್ಣಗೆ ನಕ್ಕು "ಇರಲಿ ಬಿಡ್ರಿ, ನಿಮ್ಮ ಮಂದಿಗೆ ನಡೀತದ" ಅನ್ನುತ್ತಿದ್ದರು. ಆ ನಗುವನ್ನು ನೆನೆಸಿಕೊಂಡೇ ಅವನ ಕೈ ಮೇಲೇಳಲಿಲ್ಲ. ಬೈದರೆ ತಿರುಗಿ ಬೈಯಬಹುದು, ಮಾಫಿ ಮಾಡಿದರೆ ಏನು ಮಾಡುವುದು? ಬುದ್ಧನ ಮಗ, ವಿಜ್ಞಾನದ ಮಗ, ಗಿರಿಯಪ್ಪನ ಮಗ, ಮೂವರೂ ಸೇರಿ ಒಂದು ಚೆಂಡು ಹೂವಿಗೆ ಸೋತು ಮನೆಗೆ ಹೋದರು. ಇವತ್ತು ಮುಂಜಾನೆ ಬೆಳ್ಳನೆಯ ಬಟ್ಟೆ ಹಾಕಿಕೊಂಡು ಅಪ್ಪ ಹುಬ್ಬಳ್ಳಿಯ ಸಭೆಗೆ ಹೊರಟಿದ್ದ. ಶರಣು ಹೋದ ದಿನದ ನೆನಪಿನ ಸಭೆ, ವರ್ಷಾ ದಸರೆಗೆ ನಡೆಯುವುದು. "ನೀ ಬರಂಗಿಲ್ಲೇನು?" ಅಂದ. "ಕಾಲೇಜಿನ ಕೆಲಸ ಐತಿ ಅಪ್ಪಾ." "ಕೆಲಸ ಇದ್ರ ಹೋಗು. ಕೆಲಸ ದೊಡ್ಡದು," ಅಂದ ಅಪ್ಪ, ಖುಷಿಯಿಂದಲೇ.

ಸುಳ್ಳದ ಶಾಲೆಯ ಕೋಣೆಯಲ್ಲಿ ಕಿಟಕಿಗಳಿಗೆಲ್ಲ ಕಂಬಳಿ ಹೊದಿಸಿ ಹಗಲನ್ನು ಕತ್ತಲು ಮಾಡಿದ್ದರು. ಸಂಜೆ ಬನ್ನಿಗೆ ಹೋಗುವುದಿದೆ, ಲಗೂ ಮುಗಿಸ್ರಿ ಅಂತ ಊರಿನ ಹಿರಿಯ ಫಕೀರಪ್ಪ ಮೊದಲೇ ಹೇಳಿದ. ನೂರೈವತ್ತು ಮಂದಿ, ಹೆಂಗಸರು, ಮಕ್ಕಳು, ಬೆವರು, ಎಣ್ಣೆಯ ವಾಸನೆ. ಗೋಡೆಯ ಮೇಲೆ ಸೂರ್ಯ ಮೂಡಿದಾಗ ಎಲ್ಲರೂ ಒಮ್ಮೆಲೇ "ಆಹಾ" ಅಂದರು. ಹುಚ್ಚಪ್ಪನ ಎದೆ ತುಂಬಿ ಬಂತು. ಬುಧ ಬಂದ, ಶುಕ್ರ ಬಂದ, ಭೂಮಿ ಬಂತು. ಮಹಾಂತಯ್ಯನವರು ಮೈಕು ಹಿಡಿದು, "ವಿಜ್ಞಾನ ಅಂದ್ರ ಮೂಢನಂಬಿಕಿಯಿಂದ ಬಿಡುಗಡಿ," ಅನ್ನುತ್ತಿದ್ದ ಹಾಗೆ ಅವರ ದನಿ ಕುಗ್ಗತೊಡಗಿತು. "ಬಿಡುಗಡಿ" ಅಂದದ್ದು ಮುಂದಿನ ಸಾಲಿಗೂ ಕೇಳಲಿಲ್ಲ. ಗುರು ಗ್ರಹ ಬರುವ ಹೊತ್ತಿಗೆ ಗೋಡೆಯೆಲ್ಲ ಕೆಂಪು. ಶನಿ ಬಂದದ್ದು ಯಾರಿಗೂ ಕಾಣಲಿಲ್ಲ. ಹುಚ್ಚಪ್ಪ ಗಡಿಯಾರ ನೋಡಿಕೊಂಡ. ಎರಡು ಗಂಟೆ ಮೂವತ್ತೆಂಟು ನಿಮಿಷ. ಲೆಕ್ಕ ಸರಿಯಾಗಿತ್ತು ಅಂತ ಒಂದು ಕ್ಷಣ, ನಾಚಿಕೆಗೇಡು ನೋಡಿ, ಸಮಾಧಾನವೂ ಆಯಿತು.

ಹೊರಗೆ ಓಡಿ ಲಾಲಸಾಬನನ್ನು ಎಬ್ಬಿಸಿದ. ಎಂಜಿನ್ನು ಒಂದೇ ಸಲಕ್ಕೆ ಚಾಲೂ ಆಯಿತು. ಇಡೀ ವ್ಯವಸ್ಥೆ ಮಾಡಿದ್ದೇ ಅದು ಹಾಗೆ ಚಾಲೂ ಆಗಲಿ ಅಂತ, ಆದರೆ ಅದನ್ನು ನೋಡಲು ಅಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ನಿಂತ ವ್ಯಾನಿನ ಡೈನಮೋ ಸುಮ್ಮನೆ ಏನೂ ಕೊಡುವುದಿಲ್ಲ, ಜೋರಾಗಿ ತುಳಿಯಬೇಕು. ಲಾಲಸಾಬ ತುಳಿದ. ಹೊಗೆ ನೇರ ಕಂಬಳಿಯ ಸಂದಿಯಿಂದ ಕೋಣೆಯೊಳಕ್ಕೆ ನುಗ್ಗಿತು. ಮಕ್ಕಳು ಕೆಮ್ಮಿದವು, ಹೆಂಗಸರು ಸೆರಗು ಮೂಗಿಗೆ ಹಿಡಿದು ಎದ್ದರು, ಯಾರೋ ಕಂಬಳಿ ಕಿತ್ತರು, ಬಿಸಿಲು ಬಂದು ಸೌರಮಂಡಲವೆಲ್ಲ ಅಳಿಸಿಹೋಯಿತು. ಫಕೀರಪ್ಪ ಹೊರಗೆ ಬಂದು ಕಣ್ಣೊರೆಸಿಕೊಳ್ಳುತ್ತ, "ನಿಮ್ಮ ಸೂರ್ಯಾ ಭಾಳ ಲಗೂ ಮುಳುಗತಾನಲ್ರಿ ಸರ! ನಮ್ಮಾಂವ ಇನ್ನೂ ನೆತ್ತಿ ಮ್ಯಾಲೇ ಅದಾನು," ಅಂದ. ಊರೆಲ್ಲ ನಕ್ಕಿತು. ಮಹಾಂತಯ್ಯನವರ ಮುಖ ಕಪ್ಪಾಯಿತು. ನಗುವವರಿಗೆ ಏನೂ ಅನ್ನುವ ಹಾಗಿರಲಿಲ್ಲ. ಅವರು ಸೀದಾ ವ್ಯಾನಿನ ಹತ್ತಿರ ಬಂದರು.

"ಲಾಲಸಾಬ, ನಾವು ಊಟಕ್ಕ ಹೋದಾಗ ಇಲ್ಲೇ ಮಲಗಿದ್ದೇನು?"

"ಹೌದ್ರಿ ಸರ. ಒಂಚೂರು ಕಣ್ಣು ಹತ್ತಿತ್ತು."

"ಫ್ಯಾನು ಹಚಗೊಂಡು ಮಲಗಿದ್ದಿ. ಬ್ಯಾಟರಿ ಎಲ್ಲಾ ನೀನ ನುಂಗಿದಿ."

"ಇಲ್ರಿ ಸರ, ಖುದಾನ ಆಣಿ. ಫ್ಯಾನು ಮುಟ್ಟಿಲ್ರಿ."

"ಆಣಿ ಬ್ಯಾಡ. ನಿನ್ನ ಕಾಯಂ ಮಾಡ್ರಿ ಅಂತ ಬರದ ಪತ್ರ ಈ ಚೀಲದಾಗ ಅದ. ಸಹಿ ಒಂದ ಬಾಕಿ. ಅದನ್ನ ಹರದು ಹಾಕ್ತೀನಿ ಈಗ." ಆರು ವರ್ಷದಿಂದ ಲಾಲಸಾಬ ದಿನಗೂಲಿಯ ಮೇಲೆ ವ್ಯಾನು ಓಡಿಸುತ್ತಿದ್ದ. ಆ ಪತ್ರ ಹೋಗದಿದ್ದರೆ ಮುಂದಿನ ತಿಂಗಳು ಅವನ ಜಾಗಕ್ಕೆ ಬೇರೆಯವರು ಬರುತ್ತಾರೆ, ಅದು ಕಾಲೇಜಿಗೆಲ್ಲ ಗೊತ್ತಿದ್ದ ಮಾತು. ಲಾಲಸಾಬ ಹುಚ್ಚಪ್ಪನ ಕಡೆ ನೋಡಿದ. ಹುಚ್ಚಪ್ಪ ಬಗ್ಗಿ ಪೆಟ್ಟಿಗೆಯ ಒಂದು ಮೊಳೆಯನ್ನು ಬಿಗಿಮಾಡತೊಡಗಿದ. ಮೊಳೆ ಬಿಗಿಯಾಗಿಯೇ ಇತ್ತು. ಈಗ ಹೇಳುತ್ತೇನೆ, ಈ ಸುತ್ತು ಮುಗಿದ ಮೇಲೆ ಹೇಳುತ್ತೇನೆ ಅಂದುಕೊಳ್ಳುತ್ತ ಅವನು ಸ್ಕ್ರೂಡ್ರೈವರು ತಿರುಗಿಸುತ್ತಲೇ ಇದ್ದ. ಅಷ್ಟರಲ್ಲಿ ಮಹಾಂತಯ್ಯನವರು ವ್ಯಾನು ಹತ್ತಿ ಕೂತಾಗಿತ್ತು. ತನ್ನ ಮೇಲೆ ಹೇಸಿಕೆ ಬಂತು. ಯಮ ಹೇಸಿದ್ದು ಹೆಸರಿಗಲ್ಲವೇನೋ ಅನ್ನಿಸಿತು.

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಮಹಾಂತಯ್ಯನವರ ಅಕ್ಕ ಮುರಿಗೆವ್ವನ ಮನೆ. ಬನ್ನಿ ಕೊಟ್ಟು ಅಲ್ಲೇ ವಸ್ತಿ ಇರುತ್ತೇನೆ, ನೀವು ಹೋಗ್ರಿ ಎಂದು ಅವರು ಚೀಲದ ಸಮೇತ ಇಳಿದು ಒಳಗೆ ಹೋದರು. ವ್ಯಾನಿನಲ್ಲಿ ಇಬ್ಬರೇ ಉಳಿದರು. ಲಾಲಸಾಬ ಎಂಜಿನ್ನು ಚಾಲೂ ಮಾಡಲಿಲ್ಲ. ಓಣಿಯಲ್ಲಿ ಹೊಸ ಬಟ್ಟೆಯ ಮಂದಿ ಬನ್ನಿ ಎಲೆ ಹಿಡಿದು ಮನೆಯಿಂದ ಮನೆಗೆ ಹೋಗುತ್ತಿದ್ದರು.

"ನಿನ್ನೆ ಸಂಜಿಗೆ ಚಾರ್ಜರ್ ಹಾಕಾಕ ನಾ ಬಂದಿದ್ದೆ ಸರ," ಅಂದ ಲಾಲಸಾಬ, ಎದುರಿಗಿನ ರಸ್ತೆ ನೋಡುತ್ತ. "ಅಷ್ಟಮಿ ದಿನಾ ನೀವು ಎಲ್ಲಾ ಎಳಸಿದ್ದು ನೋಡಿದ್ನೆಲ್ಲಾ. ಹೂ ಗೀ ಅಂತ ನಮಗೇನೈತಿ, ಸುಮ್ಮ ಸರಿಸಿ ಹಾಕಿಬಿಡೋಣು ಅಂತ ಬಂದೆ. ಕಿಡಕ್ಯಾಗ ನೋಡಿದ್ರ ನೀವು ಒಳಗ ತಲಿ ಬಗ್ಗಿಸಿ ನಿಂತಿದ್ರಿ. ಪ್ರಾರ್ಥನಾ ಮಾಡಾಕತ್ತಾರ, ಕೆಡಸಬಾರದು ಅಂತ ತಿರುಗಿ ಹೋದ್ನಿ."

ಹುಚ್ಚಪ್ಪನಿಗೆ ನಗು ಬಂತು, ಕೂಡಲೇ ಅಳುವೂ ಬಂತು. "ಮತ್ತ ಸರ್ ಮುಂದ ಯಾಕ ಹೇಳಲಿಲ್ಲ ನೀನು? ಬ್ಯಾಟರಿ ಖಾಲಿ ಇತ್ತಂತ?"

"ನೀವು ಹೇಳ್ತೀರಿ ಅಂದ್ಕೊಂಡಿದ್ದೆ."

ಅಷ್ಟೇ ಅಂದ. ಅದರಲ್ಲಿ ಸಿಟ್ಟೂ ಇರಲಿಲ್ಲ. ಹುಚ್ಚಪ್ಪ ಇಳಿದ. ಆ ಮನೆಯ ಕಟ್ಟೆಯ ತನಕ ಹತ್ತು ಸಲ ಬಂದಿದ್ದ, ಕಟ್ಟೆ ದಾಟಿ ಒಳಗೆ ಬಾ ಅಂತ ಯಾರೂ ಕರೆದಿರಲಿಲ್ಲ, ಬೇಡ ಅಂತಲೂ ಅಂದಿರಲಿಲ್ಲ. ಈಗ ಯಾರೂ ಕರೆಯದೆಯೇ ಹೊಸ್ತಿಲು ದಾಟಿ ಪಡಸಾಲೆಯ ನಡುವೆ ನಿಂತ. ಗಾದಿಯ ಮೇಲೆ ಐದಾರು ಮಂದಿ ಗಂಡಸರು ಚಹಾ ಕುಡಿಯುತ್ತಿದ್ದರು. ಮುರಿಗೆವ್ವ "ಯಾರಪ್ಪಾ?" ಅಂದಳು. ಬಂದ ಕಾಲಲ್ಲೇ ಹೇಳಿಬಿಡಬೇಕು, ತಡ ಮಾಡಿದರೆ ಹೇಳುವುದಾಗುವುದಿಲ್ಲ.

"ಸರ್, ತಪ್ಪು ಲಾಲಸಾಬಂದಲ್ರಿ. ಬ್ಯಾಟರಿ ಮೊದಲ ಖಾಲಿ ಇತ್ತು. ನಾ ಚಾರ್ಜಿಗೆ ಹಾಕಲಿಲ್ರಿ."

"ಯಾಕ?"

"ಚಾರ್ಜರ್ ಮ್ಯಾಲೆ ಹೂ ಇತ್ತಲ್ರಿ. ಪೂಜಾ ಆಗಿತ್ತು. ನನಗ..." ಹೆದರಿಕೆ ಆತು, ನಿಮ್ಮ ನಗುವಿನ ಹೆದರಿಕೆ, ಅನ್ನಬೇಕೆಂದಿದ್ದ. ಆದರೆ ಮಹಾಂತಯ್ಯನವರು ಚಹಾದ ಕಪ್ಪು-ಬಸಿ ಕೆಳಗಿಟ್ಟು ಎದ್ದು ನಿಂತರು. ಅವರ ಕಣ್ಣಲ್ಲಿ ನೀರಾಡಿತು. ಸುಳ್ಳಲ್ಲ, ನಿಜವಾದ ನೀರು.

"ಕೇಳಿದೇನಕ್ಕಾ? ಇವರ ಮನ್ಯಾಗ ದೇವರನ್ನೆಲ್ಲಾ ಕೆರಿಗೆ ಒಗದಾರ. ನೋಡು, ಒಂದು ಹೂವಿನ ಮರ್ಯಾದಿಗೆ ಈ ಹುಡುಗ ನೂರು ಮಂದ್ಯಾಗ ತನ್ನ ಮಾನ ಕಳಕೊಂಡ. ಸಂಸ್ಕಾರ ಅಂದ್ರ ಇದು. ಎಲ್ಲಿ ಹೋದೀತು ಅದು?" ಅಲ್ಲೇ ಚೀಲ ತೆರೆದು ಪತ್ರ ತೆಗೆದು, ಚೀಲದ ಮೇಲೇ ಇಟ್ಟುಕೊಂಡು ಸಹಿ ಮಾಡಿದರು. "ತಗೊಳ್ರಿ, ನಾಳೆ ಆಫೀಸಿನಾಗ ಕೊಡ್ರಿ. ತಪ್ಪು ಯಾರದೂ ಅಲ್ಲ. ಮತ್ತ ಕೇಳ್ರಿ, ಬರೂ ವರ್ಷ ಕಾಲೇಜಿನ ಖಂಡೆ ಪೂಜಾ ನಿಮ್ಮ ಕೈಲೇ ಆಗಬೇಕು. ಆರತಿ ನೀವ ಎತ್ತಬೇಕು. ಇಲ್ಲೀತನಕ ನಿಮ್ಮವರು ಯಾರೂ ಮಾಡಿಲ್ಲ, ನಿಮ್ಮಿಂದ ಶುರುವಾಗಲಿ."

ಮುರಿಗೆವ್ವ ಎಲ್ಲರಿಗೂ ಕೊಟ್ಟಂಥದೇ ಕಪ್ಪು ಬಸಿಯಲ್ಲಿ ಅವನಿಗೂ ಚಹಾ ಕೊಟ್ಟಳು. ಒಬ್ಬರು ಗಾದಿಯ ಮೇಲೆ ಸರಿದು ಜಾಗ ಮಾಡಿದರು. ಅಲ್ರಿ ಸರ್, ಹೂವಿಗಲ್ಲ ನಾ ಅಂಜಿದ್ದು, ಅನ್ನುವ ಮಾತು ನಾಲಗೆಯ ತುದಿಯ ತನಕ ಬಂದಿತ್ತು. ಅದರ ಮೇಲೆ ಒಂದು ಗುಟುಕು ಚಹಾ ಕುಡಿದ. ಆ ಮಾತು ಆಡಿದರೆ ಲಾಲಸಾಬನ ಪತ್ರ ಹೋಗುತ್ತದೆ ಅಂತ ತನಗೆ ತಾನೇ ಸಮಜಾಯಿಷಿ ಹೇಳಿಕೊಂಡ. ಬಡವನ ಹೊಟ್ಟೆಪಾಡು, ಸುಮ್ಮನಿರುವುದೇ ಧರ್ಮ. ಆದರೆ ಪತ್ರ ಆಗಲೇ ಅವನ ಜೇಬಿನಲ್ಲಿತ್ತು, ಸಹಿಯೂ ಒಣಗಿತ್ತು. ಖರೇ ಹೇಳಬೇಕೆಂದರೆ ಆ ಹೊಗಳಿಕೆ ಅವನಿಗೆ ಛಲೋ ಅನ್ನಿಸಿತ್ತು. ಗಾದಿ ಮೆತ್ತಗಿತ್ತು. ಎಲ್ಲರೂ ಅವನನ್ನೇ ನೋಡುತ್ತಿದ್ದರು. "ಆಗಲ್ರಿ ಸರ್," ಅಂದ.

ಪತ್ರ ಕೈಗೆ ಬಂದಾಗ ಲಾಲಸಾಬ ಅದನ್ನು ಓದಲಿಲ್ಲ, ಕಣ್ಣಿಗೊತ್ತಿಕೊಂಡ. "ಎಲ್ಲಾ ಹೇಳಿದ್ರೇನ್ರಿ ಸರ?" ಅಂದ. "ಹೇಳಿದೆ." "ಬೈದ್ರೇನು ಭಾಳ?" "ಇಲ್ಲ," ಅಂದ ಹುಚ್ಚಪ್ಪ. ಲಾಲಸಾಬನ ಖುಷಿಗೆ ವ್ಯಾನು ಧಾರವಾಡದ ದಾರಿಯಲ್ಲಿ ಹಾರುತ್ತಿತ್ತು. ಸಭೆ ಮುಗಿಸಿಕೊಂಡು ಅಪ್ಪ ಇಷ್ಟೊತ್ತಿಗೆ ಮನೆ ಸೇರಿರುತ್ತಾನೆ, ಬೆಳ್ಳನೆಯ ಅಂಗಿಯಲ್ಲೇ ಕಟ್ಟೆಯ ಮೇಲೆ ಕೂತು, ಕೆಲಸ ಹೇಗಾಯಿತು ಅಂತ ಕೇಳಲು ಕಾಯುತ್ತಿರುತ್ತಾನೆ. ಅಪ್ಪನಿಗೆ ಏನು ಹೇಳುವುದು ಅಂತ ಹುಚ್ಚಪ್ಪ ಯೋಚಿಸಬೇಕಾಗಿತ್ತು. ಯೋಚಿಸುತ್ತಿದ್ದದ್ದು ಬೇರೆ. ಬರುವ ವರ್ಷ ಅಷ್ಟಮಿಯ ಸಂಜೆಯೇ ಚಾರ್ಜಿಗೆ ಹಾಕಿದರೆ ನವಮಿ ಮುಂಜಾನೆ ಬ್ಯಾಟರಿ ಪೂಜೆಗೆ ತಯಾರು. ಕುಂಕುಮ ಒದ್ದೆ ಮಾಡಿ ಹಚ್ಚಿದರೆ ಕರೆಂಟು ಸೋರುತ್ತದೆ, ಟರ್ಮಿನಲ್ಲಿನಿಂದ ಎರಡು ಇಂಚು ದೂರ ಹಚ್ಚಬೇಕು. ಕಾಯಿ ಒಡೆಯುವುದು ಪೆಟ್ಟಿಗೆಯ ಮೇಲೆ ಬೇಡ, ನೀರು ಒಳಗೆ ಇಳಿದೀತು. ಚಾರ್ಜು ಆದ ಕೂಡಲೇ ಮುಚ್ಚಳದ ಹತ್ತಿರ ಬೆಂಕಿ ಹಿಡಿಯುವ ಹಾಗಿಲ್ಲ, ಗ್ಯಾಸು ಇರುತ್ತದೆ, ಆರತಿಯನ್ನು ಮೂರು ಅಡಿ ದೂರದಿಂದ ಎತ್ತಬೇಕು. ಎಲ್ಲ ಕೂಡಿಬಂತು. ತಟ್ಟೆಯನ್ನು ಯಾವ ಕಡೆಯಿಂದ ಸುತ್ತಬೇಕು, ಎಷ್ಟು ಸುತ್ತು, ಅದೊಂದು ಮಾತ್ರ ಅವನಿಗೆ ನೆನಪಿರಲಿಲ್ಲ. ಹೋದಕೂಡಲೇ ಅಪ್ಪನನ್ನು ಕೇಳಿದರಾಯಿತು, ಅವನಿಗೆ ಗೊತ್ತಿರುತ್ತದೆ ಅಂದುಕೊಂಡ. ಅಂದುಕೊಂಡ ಮೇಲೆ, ಆರತಿ ತಟ್ಟೆಯನ್ನು ಕೆರೆಗೆ ಎಸೆದು ಬಂದವನೇ ಅಪ್ಪ ಅನ್ನುವುದು ನೆನಪಾಯಿತು. "ವ್ಯಾನು ಸಾವಕಾಶ ನಡಸು ಲಾಲಸಾಬ," ಅಂದ, "ಮನಿಗೆ ಅಷ್ಟು ಲಗೂ ಹೋಗೂದೇನೈತಿ?"